ಒಂದೇ ಅಡಿಟಿಪ್ಪಣಿಯಲ್ಲಿ ನಾಲ್ಕು ‘ಸಂ.’

ಪ್ರಶ್ನೆ: ಹಾಸನ ಸೀಮೆಯ ಶಾಸನಗಳಲ್ಲಿ ಬರುವ ಕೆರೆಗಳ ಬಗ್ಗೆ ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮೊದಲ ಅಧ್ಯಾಯ ಕೊಟ್ಟಾಗ ಗೈಡ್ ಕೆರೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಂಕ್ಷೇಪಗಳಿಗೆಲ್ಲ ಕೆಂಪು ಸುತ್ತು ಹಾಕಿ, ‘ಸರಿಪಡಿಸಿ’ ಎಂದು ಬರೆದು ವಾಪಸ್ ಕೊಟ್ಟರು. ಚುಕ್ಕಿ ಯಾವಾಗ ಇಡಬೇಕು, ಯಾವಾಗ ಬಿಡಬೇಕು? ಕಸಾಪ ಸರಿಯೋ, ಕ.ಸಾ.ಪ. ಸರಿಯೋ? ವಿ.ವಿ.ಯ ಅನ್ನಬೇಕೋ, ವಿ.ವಿ.ದ ಅನ್ನಬೇಕೋ? ಇಂಗ್ಲಿಷ್ ಸಂಕ್ಷೇಪಗಳನ್ನು ಹಾಗೇ ಬಳಸಬಹುದಾ? ನನ್ನ ಒಂದು ಅಡಿಟಿಪ್ಪಣಿಯನ್ನೂ ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಅಡಿಟಿಪ್ಪಣಿಯನ್ನೇ ನೋಡೋಣ. ಹೆಸರೊಂದನ್ನು ಬಿಟ್ಟರೆ ನೀವು ಬರೆದಿರುವುದು ಇಷ್ಟು: ‘(ಸಂ.), ಎ.ಕ., ಸಂ. 9, ಶಾ.ಸಂ. 12, ಪು.ಸಂ. 45.’

ಒಂದೇ ಸಾಲಿನಲ್ಲಿ ‘ಸಂ.’ ನಾಲ್ಕು ಸಲ ಬಂದಿದೆ. ಮೊದಲನೆಯದು ಸಂಪಾದಕರು, ಎರಡನೆಯದು ಸಂಪುಟ, ಉಳಿದೆರಡು ಸಂಖ್ಯೆ. ನಿಘಂಟು ತೆರೆದರೆ ಅದೇ ‘ಸಂ.’ ಸಂಸ್ಕೃತ ಕೂಡ ಆಗುತ್ತದೆ. ನಿಮಗೆ ಇದರಲ್ಲಿ ಗೊಂದಲವೇ ಕಾಣಿಸಿರಲಿಕ್ಕಿಲ್ಲ, ಯಾಕೆಂದರೆ ಬರೆದವರು ನೀವೇ. ನಿಮ್ಮ ಗೈಡ್‌ಗೂ ಗೊತ್ತಾಗಿರುತ್ತದೆ. ಆದರೆ ಹತ್ತು ವರ್ಷ ಆದಮೇಲೆ ಗ್ರಂಥಾಲಯದಲ್ಲಿ ಇದನ್ನು ತೆಗೆದು ನೋಡುವ ಹುಡುಗನೋ ಹುಡುಗಿಯೋ ‘ಸಂ. 9’ ಸಂಪುಟವೋ ಸಂಖ್ಯೆಯೋ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಇದಕ್ಕೆ ಮದ್ದು ಸುಲಭ. ಸಂಪಾದಕರಿಗೆ ‘ಸಂಪಾ.’ ಅನ್ನಿ. ಸಂಪುಟವನ್ನು ‘ಸಂಪುಟ’ ಎಂದೇ ಬರೆಯಿರಿ, ಉಳಿಯುವುದು ಎರಡಕ್ಷರ ಅಷ್ಟೇ. ‘ಪು.ಸಂ. 45’ ಬೇಡ, ‘ಪು. 45’ ಸಾಕು. ಪುಟದ ಮುಂದೆ ಅಂಕಿ ಇದೆ ಅಂದಮೇಲೆ ಅದು ಸಂಖ್ಯೆ ಎಂದು ಬೇರೆ ಹೇಳಬೇಕಾ? ಒಂದಕ್ಕಿಂತ ಜಾಸ್ತಿ ಪುಟ ಇದ್ದಾಗ ಕೆಲವರು ‘ಪುಪು.’ ಎಂದು ಬರೆಯುತ್ತಾರೆ. ನನಗೆ ಅದು ಯಾವತ್ತೂ ಹಿಡಿಸಿಲ್ಲ. ‘ಪು. 45-52’ ಅಂದರೆ ಮಗುವಿಗೂ ಅರ್ಥವಾಗುತ್ತದೆ.

ಇನ್ನು ‘ಎ.ಕ. 9’. ಕೆಂಪು ಸುತ್ತು ಬೀಳಬೇಕಾದ ನಿಜವಾದ ಜಾಗ ಇದು. ಕರ್ನಾಟಕದ ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳ ಸಾಲು ‘ಎಪಿಗ್ರಾಫಿಯಾ ಕರ್ನಾಟಿಕಾ’. ಅದನ್ನು ‘ಎ.ಕ.’ ಮಾಡಿದ್ದರಲ್ಲಿ ತಪ್ಪಿಲ್ಲ, ಶಾಸನದ ಕೆಲಸ ಮಾಡುವವರೆಲ್ಲ ಹಾಗೇ ಬರೆಯುತ್ತಾರೆ. ತೊಂದರೆ ಏನೆಂದರೆ, ಆ ಹೆಸರಿನ ಸಾಲುಗಳು ಎರಡಿವೆ. ಒಂದು ಬಿ.ಎಲ್. ರೈಸ್ ಅವರು ಶುರು ಮಾಡಿದ್ದು, ಕೊಡಗಿನ ಶಾಸನಗಳ ಮೊದಲ ಸಂಪುಟ ಬಂದದ್ದು 1886ರಲ್ಲಿ. ಇನ್ನೊಂದು ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಿಂದ ತಂದ ಪರಿಷ್ಕೃತ ಸಾಲು. ಎರಡರಲ್ಲೂ ಸಂಪುಟಗಳ ಹಂಚಿಕೆ ಒಂದೇ ಅಲ್ಲ. ರೈಸ್ ಅವರ ಸಾಲಿನಲ್ಲಿ ಹಾಸನ ಜಿಲ್ಲೆ 5ನೇ ಸಂಪುಟ, 9ನೆಯದು ಬೆಂಗಳೂರು. ಪರಿಷ್ಕೃತ ಸಾಲಿನಲ್ಲಿ 9ನೆಯದು ಬೇಲೂರು. ನೀವು ಬೇಲೂರಿನ ಕೆರೆ ಹುಡುಕುತ್ತಿರುವವರು, ನಿಮಗೆ ಅದು ಗೊತ್ತು. ಹಳೆಯ ಸಂಪುಟ ಕೈಗೆ ಸಿಕ್ಕಿದವನು ನಿಮ್ಮ ‘ಎ.ಕ. 9’ ಹಿಡಿದು ಸೀದಾ ಬೆಂಗಳೂರು ಜಿಲ್ಲೆಗೆ ಹೋಗುತ್ತಾನೆ. ಅಲ್ಲೂ 12ನೇ ನಂಬರಿನ ಶಾಸನ ಇದ್ದೇ ಇರುತ್ತದೆ, ಒಂದಲ್ಲ, ತಾಲೂಕಿಗೊಂದರಂತೆ. ಹಾಗಾಗಿ ನಿಮ್ಮ ಸಂಕ್ಷೇಪದಲ್ಲೇ ಬೇರೆ ಮಾಡಿ: ರೈಸ್ ಸಾಲಿಗೆ ‘ಎ.ಕ.’, ಹೊಸದಕ್ಕೆ ‘ಎ.ಕ. (ಪ)’. ಹಾಗೆ ಮಾಡಿದ್ದೀರಿ ಎಂದು ಸಂಕ್ಷೇಪಗಳ ಪಟ್ಟಿಯಲ್ಲಿ ಹೇಳಿ. ತಾಲೂಕಿನ ಹೆಸರನ್ನು ಮಾತ್ರ ಚಿಕ್ಕದು ಮಾಡಬೇಡಿ. ಆಗ ಟಿಪ್ಪಣಿ ಹೀಗಾಗುತ್ತದೆ: ‘ಎ.ಕ. (ಪ), ಸಂಪುಟ 9, ಬೇಲೂರು 12, ಪು. 45.’ ಹಳೆಯದಕ್ಕಿಂತ ಸ್ವಲ್ಪ ಉದ್ದ ಆಯಿತು. ಆಗಲಿ ಬಿಡಿ.

ಈಗ ಚುಕ್ಕಿಯ ವಿಷಯ. ಇಷ್ಟು ವರ್ಷ ಪ್ರಬಂಧಗಳ ಕರಡು ತಿದ್ದಿದ ಮೇಲೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಬಾಯಿಬಿಟ್ಟು ಓದಿ. ಕೆಲವು ಸಂಕ್ಷೇಪಗಳು ಕಾಗದದ ಮೇಲೆ ಮಾತ್ರ ಚಿಕ್ಕವು, ಬಾಯಲ್ಲಿ ಪೂರ್ತಿಯೇ ಬರುತ್ತವೆ. ‘ಡಾ.’ ಎಂದು ಬರೆದದ್ದನ್ನು ಯಾರೂ ‘ಡಾ’ ಎಂದು ಓದುವುದಿಲ್ಲ, ಡಾಕ್ಟರ್ ಎಂದೇ ಓದುತ್ತಾರೆ. ‘ಪು.’ ಪುಟ ಆಗುತ್ತದೆ, ‘ಕ್ರಿ.ಶ.’ ಕ್ರಿಸ್ತಶಕ ಆಗುತ್ತದೆ, ‘ಉದಾ.’ ಉದಾಹರಣೆ ಆಗುತ್ತದೆ. ಇವಕ್ಕೆ ಚುಕ್ಕಿ ಬೇಕು. ಇಲ್ಲಿ ಏನೋ ಬಿಟ್ಟಿದ್ದೇನೆ, ತುಂಬಿಕೊಂಡು ಓದಿ ಎಂದು ಆ ಚುಕ್ಕಿ ಹೇಳುತ್ತದೆ. ಇನ್ನು ಕೆಲವು ಬಾಯಲ್ಲೂ ಚಿಕ್ಕವೇ. ಯುಜಿಸಿ, ಇಸ್ರೋ, ಕಸಾಪ. ಇವು ಈಗಾಗಲೇ ಪದಗಳಾಗಿಬಿಟ್ಟಿವೆ. ಇವಕ್ಕೆ ಚುಕ್ಕಿ ಇಡುವುದು ಬೆಲ್ಲಕ್ಕೆ ಸಕ್ಕರೆ ಹಾಕಿದ ಹಾಗೆ.

ಅಂಗಡಿಗೆ ಹೋದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ‘ಎರಡು ಕೆಜಿ ಈರುಳ್ಳಿ ಕೊಡಿ’ ಅನ್ನುತ್ತೇವೆ. ‘ಎರಡು ಕಿಗ್ರಾಂ ಈರುಳ್ಳಿ’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅಂದರೆ ‘ಕೆಜಿ’ ಬಾಯಿಯದು, ‘ಕಿ.ಗ್ರಾಂ.’ ಬರವಣಿಗೆಯದು. ಎರಡನೆಯದನ್ನು ಬರೆದರೆ ಚುಕ್ಕಿ ಇಡಿ. ಒಂದೇ ಪ್ರಬಂಧದಲ್ಲಿ ಎರಡನ್ನೂ ಬೆರೆಸಬೇಡಿ. ಅಂದಹಾಗೆ ವಿಜ್ಞಾನದ ಪ್ರಬಂಧದಲ್ಲಿ ರೋಮನ್ ಲಿಪಿಯ ಅಳತೆಯ ಗುರುತುಗಳನ್ನು ಬಳಸುವವರಿಗೆ ಈ ಚುಕ್ಕಿ ಲೆಕ್ಕ ಅನ್ವಯಿಸುವುದಿಲ್ಲ. ಅವು ಸಂಕ್ಷೇಪಗಳೇ ಅಲ್ಲ, ಪ್ರಪಂಚಕ್ಕೆಲ್ಲ ಒಂದೇ ಆದ ಸಂಕೇತಗಳು. ಅವಕ್ಕೆ ಚುಕ್ಕಿಯೂ ಇಲ್ಲ, ಬಹುವಚನವೂ ಇಲ್ಲ.

ನನ್ನ ಪರೀಕ್ಷೆಗೆ ಬಗ್ಗದ ಎರಡು ಗುಂಪುಗಳಿವೆ, ಅದನ್ನೂ ಹೇಳಿಬಿಡುತ್ತೇನೆ. ಪದವಿಗಳು ಮತ್ತು ಇನಿಷಿಯಲ್‌ಗಳು. ‘ಎಂ.ಎ.’ ಬಾಯಲ್ಲೂ ಎಂಎ ತಾನೇ, ಆದರೂ ಚುಕ್ಕಿ ಇಟ್ಟೇ ಬರೆಯುವುದು ರೂಢಿ. ಇರಲಿ, ರೂಢಿಯ ಜೊತೆ ಜಗಳ ಬೇಡ. ಆದರೆ ‘ಪಿ.ಎಚ್.ಡಿ.’ ಎಂದು ಮೂರು ಚುಕ್ಕಿ ಇಡಬೇಡಿ. ಮೊದಲ ಎರಡು ಅಕ್ಷರ ಸೇರಿ ಫಿಲಾಸಫಿ ಅನ್ನುವ ಒಂದೇ ಪದದ ಗುರುತು, ಅದನ್ನು ಮಧ್ಯೆ ಕತ್ತರಿಸಿದರೆ ಅರ್ಥ ಇಲ್ಲ. ‘ಪಿಎಚ್.ಡಿ.’ ಸರಿ. ಪ್ರಬಂಧದ ಮುಖಪುಟದಲ್ಲೇ ಈ ತಪ್ಪು ಮಾಡಿದವರು ಎಷ್ಟು ಜನ! ಎಚ್ ಅನ್ನುತ್ತೀರೋ ಹೆಚ್ ಅನ್ನುತ್ತೀರೋ ನಿಮಗೆ ಬಿಟ್ಟದ್ದು, ಒಂದನ್ನು ಹಿಡಿದು ಕೊನೆತನಕ ಹೋಗಿ.

ಹೆಸರಿನ ಹಿಂದೆ ‘ಡಾ.’ ಇದ್ದರೆ ಮುಂದೆ ‘ಪಿಎಚ್.ಡಿ.’ ಬೇಡ. ‘ಶ್ರೀ’ಗೆ ಚುಕ್ಕಿ ಯಾವತ್ತೂ ಬೇಡ, ಅದು ಯಾವುದರ ತುಂಡೂ ಅಲ್ಲ, ಅದೇ ಪೂರ್ತಿ ಪದ. ‘ಡಾ||’, ‘ಪ್ರೊ||’ ಅನ್ನುವ ಜೋಡಿ ಗೀಟು ನಮ್ಮ ಮದುವೆ ಪತ್ರಿಕೆಯ ಆಸ್ತಿ. ‘ಚಿ|| ರಾ||’, ‘ಚಿ|| ಕುಂ|| ಸೌ||’ ಅಲ್ಲಿ ಚೆಂದವೇ. ಪ್ರಬಂಧದಲ್ಲಿ ಬೇಡ.

ಕಸಾಪದ ಪ್ರಶ್ನೆಗೆ ಉತ್ತರ ಈಗ ನಿಮಗೇ ಹೊಳೆದಿರಬೇಕು. ‘ಕಸಾಪ’ ಅಂತಲೇ ಜನ ಹೇಳುತ್ತಾರೆ, ಚುಕ್ಕಿ ಬೇಡ. ಆದರೆ ಅದರಲ್ಲೊಂದು ಸ್ವಾರಸ್ಯ ಇದೆ. 1915ರಲ್ಲಿ ಶುರುವಾದಾಗ ಅದರ ಹೆಸರು ಕರ್ಣಾಟಕ ಸಾಹಿತ್ಯ ಪರಿಷತ್ತು, ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತು ಆಯಿತು. ಸಂಕ್ಷೇಪ ಎರಡಕ್ಕೂ ಒಂದೇ! ಆದ್ದರಿಂದ ಆರಂಭದ ವರ್ಷಗಳ ಬಗ್ಗೆ ಬರೆಯುವವರು ಮೊದಲ ಸಲ ಪೂರ್ತಿ ಹೆಸರು ಕೊಡುವಾಗ ಯಾವುದನ್ನು ಕೊಡುತ್ತೇವೆ ಎಂದು ನೋಡಿಕೊಳ್ಳಬೇಕು. ಬೆಂಗಳೂರಿನ ಪಾಲಿಕೆಯ ಕಥೆ ಇನ್ನೂ ಕಷ್ಟ. 2007ಕ್ಕೆ ಮೊದಲು ಅದು ಬೆಂಗಳೂರು ಮಹಾನಗರ ಪಾಲಿಕೆ, ಆ ವರ್ಷ ಬೃಹತ್ ಅನ್ನುವ ಪದ ಸೇರಿ ಬಿಬಿಎಂಪಿ ಆಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆಗಳಾದವು. 2003ರ ರಾಜಕಾಲುವೆಗಳ ಬಗ್ಗೆ ಬರೆಯುತ್ತಾ ‘ಬಿಬಿಎಂಪಿ’ ಎಂದರೆ ಇಲ್ಲದ ಸಂಸ್ಥೆಯ ಮೇಲೆ ಹೊಣೆ ಹೊರಿಸಿದ ಹಾಗೆ.

ಇಂಗ್ಲಿಷ್ ಸಂಕ್ಷೇಪ ಬಳಸಬಹುದಾ ಎಂದಿರಿ. ಧಾರಾಳವಾಗಿ. ಬಿಬಿಎಂಪಿಯನ್ನೇ ನೋಡಿ. ಹೆಸರಿನ ನಾಲ್ಕು ಪದಗಳಲ್ಲಿ ಒಂದೂ ಇಂಗ್ಲಿಷ್ ಅಲ್ಲ, ಸಂಕ್ಷೇಪ ಮಾತ್ರ ಇಂಗ್ಲಿಷ್ ಅಕ್ಷರಗಳದ್ದು! ಬೃಬೆಂಮಪಾ ಎಂದು ಯಾರ ನಾಲಿಗೆಯೂ ಹೊರಳಲಿಲ್ಲ, ಅಷ್ಟೇ. ಅದೇ ಬಸ್ಸಿನ ವಿಷಯದಲ್ಲಿ ‘ಕ.ರಾ.ರ.ಸಾ.ನಿ.’ ಬರವಣಿಗೆಯಲ್ಲಿ ಉಳಿಯಿತು, ಬಾಯಲ್ಲಿ ಕೆಎಸ್ಸಾರ್ಟಿಸಿ ಗೆದ್ದಿತು. ಕನ್ನಡದ ಸಂಕ್ಷೇಪ ಅಕ್ಷರವನ್ನು ಇಡಿಯಾಗಿ ಎತ್ತಿಕೊಳ್ಳುತ್ತದೆ, ಒತ್ತು, ದೀರ್ಘ, ಸೊನ್ನೆ ಎಲ್ಲವೂ ಸೇರಿ: ಕ್ರಿ, ಮೀ, ಸಂ, ಬೃ. ಅದು ಕುವೆಂಪು, ಪುತಿನ, ಅನಕೃ, ತರಾಸು ಥರ ಬಾಯಿಗೆ ಸಲೀಸಾಗಿ ಬಂದರೆ ಹೆಸರೇ ಆಗಿ ನಿಲ್ಲುತ್ತದೆ. ಬರದಿದ್ದರೆ ಬೋರ್ಡಿನ ಮೇಲೆ ಉಳಿಯುತ್ತದೆ, ‘ಸ.ಹಿ.ಪ್ರಾ.ಶಾಲೆ’ಯ ಹಾಗೆ. ನಿಮ್ಮ ಪ್ರಬಂಧದಲ್ಲಿ ‘ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ)’ ಎಂದು ಮೊದಲ ಸಲ ಬರೆದು, ಆಮೇಲೆ ಯುಜಿಸಿ ಎಂದರೆ ಯಾರೂ ಆಕ್ಷೇಪ ಮಾಡುವುದಿಲ್ಲ. ಅಕ್ಷರಕ್ಕೆ ಅಕ್ಷರ ಹೊಂದಬೇಕು ಎಂದು ‘ವಿಧಆ’ ಅಂತ ಹೊಸದಾಗಿ ಹೊಸೆಯಲು ಹೋಗಬೇಡಿ.

ಪತ್ರಿಕೆಯ ತಲೆಬರಹದ ಅಭ್ಯಾಸವನ್ನು ಮಾತ್ರ ಹೊರಗೆ ಬಿಟ್ಟು ಬನ್ನಿ. ‘ಗ್ರಾಪಂ’, ‘ತಾಪಂ’, ‘ಜಿಪಂ’ ಜಾಗ ಸಾಲದೆ ಹುಟ್ಟಿದವು. ನಿಮಗೆ ಜಾಗಕ್ಕೇನು ಬರ?

ವಿ.ವಿ.ಯ ಅನ್ನಬೇಕೋ ವಿ.ವಿ.ದ ಅನ್ನಬೇಕೋ ಎಂಬ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಇಂಗ್ಲಿಷಿನ ಕೈಪಿಡಿಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಪದದ ಬಾಲಕ್ಕೆ ವಿಭಕ್ತಿ ಅಂಟಿಸುವ ಕಷ್ಟ ನಮ್ಮದು. ಇಲ್ಲೂ ಬಾಯಿಯೇ ಪ್ರಮಾಣ. ಬಾಯಲ್ಲಿ ಚಿಕ್ಕದಾಗಿಯೇ ಬರುವ ಸಂಕ್ಷೇಪಕ್ಕೆ ಅದರದೇ ಕೊನೆಯ ಉಲಿ ನೋಡಿ ಪ್ರತ್ಯಯ ಹಚ್ಚಿ: ಯುಜಿಸಿಯ, ಕಸಾಪದ, ಎನ್‌ಎಸ್‌ಎಸ್‌ನ. ಆಯೋಗದ ಅನ್ನುತ್ತೇವೆಂದು ‘ಯುಜಿಸಿದ’ ಅನ್ನಲು ಆಗುವುದಿಲ್ಲ, ಅಲ್ವಾ? ಕಾಗದದ ಮೇಲೆ ಮಾತ್ರ ಚಿಕ್ಕದಾದ ಸಂಕ್ಷೇಪಕ್ಕೆ ಪ್ರತ್ಯಯವನ್ನೇ ಹಚ್ಚಬೇಡಿ. ‘45ನೇ ಪು.ದಲ್ಲಿ’ ಅಂದರೆ ಓದುವವನ ನಾಲಿಗೆ ಎಡವುತ್ತದೆ. ಪ್ರತ್ಯಯ ಬೇಕಾಯಿತೋ, ಪದವನ್ನು ಬಿಡಿಸಿ ‘ಪುಟದಲ್ಲಿ’ ಎಂದು ಬರೆಯಿರಿ. ಇಲ್ಲವೇ ಪ್ರತ್ಯಯವನ್ನು ಪಕ್ಕದ ಅಂಕಿಗೆ ಹೊರಿಸಿ. ‘ಕ್ರಿ.ಶ. 1117ರಲ್ಲಿ’ ಎಂದಾಗ ನಾವು ಮಾಡುವುದು ಅದನ್ನೇ.

ವಿವಿ ಅನ್ನುವುದು ಈ ಎರಡರ ನಡುವೆ ಸಿಕ್ಕಿಕೊಂಡಿದೆ. ಹಾಸ್ಟೆಲ್ ಹುಡುಗರು ವಿವಿ ಎಂದೇ ಹೇಳುತ್ತಾರೆ, ಹಾಗೆ ಓದುವುದಾದರೆ ‘ವಿವಿಯ’ ಸರಿ. ಪ್ರಬಂಧದಲ್ಲಿ ನನ್ನ ಸಲಹೆ ಬೇರೆ: ಪೂರ್ತಿ ಬರೆದುಬಿಡಿ. ಕಾರಣ ಬರೀ ಗಾಂಭೀರ್ಯ ಅಲ್ಲ. ಮೈಸೂರಿನದು ವಿಶ್ವವಿದ್ಯಾನಿಲಯ, ಹಂಪಿಯ ಕನ್ನಡದ್ದು ವಿಶ್ವವಿದ್ಯಾಲಯ. ‘ವಿ.ವಿ.’ ಎಂದು ಮುಚ್ಚಿಟ್ಟರೆ ಬರೆದವರಿಗೇ ಆ ವ್ಯತ್ಯಾಸ ಮರೆತುಹೋಗುತ್ತದೆ, ಗ್ರಂಥಸೂಚಿಗೆ ಬಂದಾಗ ತಪ್ಪು ಹೊರಬೀಳುತ್ತದೆ.

ನಿಮ್ಮ ಅಧ್ಯಾಯದಲ್ಲಿ ನೀವು ಕೇಳದೇ ಇರುವ ಒಂದು ಅಪಾಯ ನನ್ನ ಕಣ್ಣಿಗೆ ಬಿತ್ತು. ಎರಡು ಕಡೆ ‘ಶ. 1039’ ಎಂದು ಬರೆದಿದ್ದೀರಿ. ಶಾಸನದ ಕೆಲಸದಲ್ಲಿ ಶಕ ಅನ್ನುವುದನ್ನು ದಯವಿಟ್ಟು ಚಿಕ್ಕದು ಮಾಡಬೇಡಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ಕಾಲ ಶಕ 1039, ಅಂದರೆ 78 ಕೂಡಿಸಿ ಕ್ರಿ.ಶ. 1117. ‘ಶ.’ ನೋಡಿದವರು ‘ಕ್ರಿ.’ ಎಲ್ಲೋ ಅಚ್ಚಿನಲ್ಲಿ ಹಾರಿಹೋಗಿದೆ ಎಂದುಕೊಂಡರೆ, ವಿಷ್ಣುವರ್ಧನ ಪಟ್ಟಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಗುಡಿ ಕಟ್ಟಿಸಿದ ಹಾಗಾಗುತ್ತದೆ. ಈಗ ಕೆಲವರು ಕ್ರಿ.ಶ. ಬದಲು ಸಾ.ಶ., ಅಂದರೆ ಸಾಮಾನ್ಯ ಶಕ ಎಂದು ಬರೆಯುತ್ತಾರೆ. ಎರಡೂ ಸರಿಯೇ, ಬೆರೆಸಿದರೆ ತಪ್ಪು.

‘ದಿ.’ ಬಗ್ಗೆಯೂ ಹೀಗೇ ಹುಷಾರಾಗಿರಿ. ಅದು ದಿನಾಂಕವೂ ಹೌದು, ದಿವಂಗತವೂ ಹೌದು. ಒಮ್ಮೆ ಒಂದು ಕಾಲೇಜಿನ ಆಹ್ವಾನ ಪತ್ರಿಕೆಯ ಕರಡು ನನ್ನ ಕೈಗೆ ಬಂತು. ತಾರೀಕು ಇನ್ನೂ ಗೊತ್ತಾಗಿರಲಿಲ್ಲ, ಆಮೇಲೆ ಹಾಕೋಣ ಎಂದು ‘ದಿ.’ ಬರೆದು ಜಾಗ ಬಿಟ್ಟಿದ್ದರು. ಡಿಟಿಪಿ ಮಾಡಿದವರು ಆ ಖಾಲಿ ಜಾಗವನ್ನು ಒತ್ತಿ ಮುಚ್ಚಿದರು. ಮುಂದಿನ ಪದ ಮುಖ್ಯ ಅತಿಥಿಗಳ ಹೆಸರು. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು ಒಂದು ಚುಕ್ಕಿಯಲ್ಲಿ ಸ್ವರ್ಗಸ್ಥರಾಗಿದ್ದರು. ಕರಡಿನಲ್ಲೇ ಸಿಕ್ಕಿತು, ಪುಣ್ಯ.

ಗ್ರಂಥಸೂಚಿಯಲ್ಲಿ ಹೆಸರುಗಳ ಗೋಜು ಬೇರೆಯೇ. ಇಂಗ್ಲಿಷ್ ಪದ್ಧತಿಯಂತೆ ಮನೆತನದ ಹೆಸರು ಮೊದಲು, ಇನಿಷಿಯಲ್ ಆಮೇಲೆ ಎಂದು ಕಣ್ಣುಮುಚ್ಚಿ ತಿರುಗಿಸುತ್ತೇವೆ. ದ.ರಾ. ಬೇಂದ್ರೆ ಅವರಿಗೆ ಅದು ಹೊಂದುತ್ತದೆ, ಬೇಂದ್ರೆ ಮನೆತನದ ಹೆಸರೇ. ಕೆ.ವಿ. ಪುಟ್ಟಪ್ಪ ಅವರಲ್ಲಿ ಕೆ. ಅಂದರೆ ಕುಪ್ಪಳಿ ಎಂಬ ಊರು, ವಿ. ಅಂದರೆ ವೆಂಕಟಪ್ಪ ಎಂಬ ತಂದೆ. ಪುಟ್ಟಪ್ಪ ಅನ್ನುವುದು ಅವರದೇ ಹೆಸರು. ಪುಸ್ತಕದ ಮೇಲೆ ಕುವೆಂಪು ಎಂದಿದ್ದರೆ ಸೂಚಿಯಲ್ಲೂ ‘ಕುವೆಂಪು’ ಎಂದೇ ಬರಲಿ, ಚುಕ್ಕಿ ಇಲ್ಲದೆ. ಇನಿಷಿಯಲ್‌ಗಳನ್ನು ಊಹೆಯ ಮೇಲೆ ಬಿಡಿಸಲು ಹೋಗಬೇಡಿ, ಮುಖಪುಟದಲ್ಲಿ ಇದ್ದಷ್ಟೇ ಬರೆಯಿರಿ.

ಸರ್ಕಾರಿ ಆದೇಶಗಳ ಸಂಖ್ಯೆಗೂ ಇದೇ ಮಾತು. ‘ಸಿಆಸುಇ’ ಅಂದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ‘ಕಂಇ’ ಅಂದರೆ ಕಂದಾಯ ಇಲಾಖೆ. ಕೆರೆಗಳ ವಿಷಯ ಬರೆಯುವ ನಿಮಗೆ ಎರಡನೆಯದು ಸಿಕ್ಕೇ ಸಿಗುತ್ತದೆ. ಅದಕ್ಕೆ ಚುಕ್ಕಿ ಸೇರಿಸಿ ಚೆಂದ ಮಾಡಬೇಡಿ. ಅದು ಕಡತದ ವಿಳಾಸ. ಇದ್ದದ್ದು ಇದ್ದ ಹಾಗೆ ಇಳಿಸಿದರೆ ಮಾತ್ರ ಕಡತ ಸಿಗುತ್ತದೆ.

ಹಿಂದಿನ ಟಿಪ್ಪಣಿಯ ಪುಸ್ತಕವನ್ನೇ ಮತ್ತೆ ಹೇಳುವಾಗ ಬಳಸುವ, ಲ್ಯಾಟಿನ್ ಮೂಲದ ಐಬಿಡ್ ಬದಲು ಕನ್ನಡದಲ್ಲಿ ‘ಅದೇ’ ಇದೆ, ಎಷ್ಟು ಮುದ್ದಾದ ಪದ ನೋಡಿ. ‘ಅದೇ, ಪು. 47.’ ಆದರೆ ಇದನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಈಗಲೇ ಹಾಕಿದರೆ, ನಾಳೆ ಮಧ್ಯದಲ್ಲೊಂದು ಹೊಸ ಟಿಪ್ಪಣಿ ಸೇರಿದಾಗ ‘ಅದೇ’ ಬೇರೆಯವರ ಪುಸ್ತಕವನ್ನು ತೋರಿಸುತ್ತದೆ. ಅಲ್ಲಿಯವರೆಗೆ ಪ್ರತಿ ಸಲ ಲೇಖಕರ ಹೆಸರು ಇರಲಿ.

ಕೊನೆಗೆ ಟೈಪಿಂಗ್‌ನ ಮೂರು ವಿಷಯ, ಇವುಗಳಿಂದಲೂ ಕೆಂಪು ಸುತ್ತು ಬೀಳುತ್ತದೆ. ‘ಎಫ್‌ಡಿಎ’ ಟೈಪ್ ಮಾಡಿದರೆ ‘ಎಫ್ಡಿಎ’ ಎಂದು ಡ ಕೆಳಗೆ ಇಳಿದು ಒತ್ತಕ್ಷರ ಆಗುತ್ತಿದ್ದರೆ, ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ವರ್ಡ್‌ನಲ್ಲಿ ಕೀಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿ, ಫ್ ಆದಮೇಲೆ ಎರಡು, ಸೊನ್ನೆ, ಸೊನ್ನೆ, ಸಿ ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಆ ನಾಲ್ಕೂ ಮಾಯವಾಗುತ್ತವೆ, ಡ ಒತ್ತಾಗದೆ ಮೇಲೆ ನಿಲ್ಲುತ್ತದೆ. ಎರಡನೆಯದು, ‘ಪು.’ ಒಂದು ಸಾಲಿನ ತುದಿಯಲ್ಲಿ ನಿಂತು, ‘45’ ಕೆಳಗಿನ ಸಾಲಿಗೆ ಜಾರುವುದು. ನಡುವಿನ ಜಾಗವನ್ನು ಕಂಟ್ರೋಲ್, ಶಿಫ್ಟ್, ಸ್ಪೇಸ್ ಮೂರೂ ಒಟ್ಟಿಗೆ ಒತ್ತಿ ಬಿಟ್ಟರೆ ಎರಡೂ ಅಂಟಿಕೊಂಡೇ ಇರುತ್ತವೆ. ಮೂರನೆಯದು ನಿಮ್ಮ ‘ಸಂ.’ನಲ್ಲೇ ಇದೆ. ಕೆಲವು ಕಡೆ ನೀವು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ್ದೀರಿ. ನೋಡಲು ಎರಡೂ ಹೆಚ್ಚುಕಮ್ಮಿ ಒಂದೇ. ಆದರೆ ‘ಸಂ.’ ಎಲ್ಲವನ್ನೂ ಹುಡುಕಿ ಬದಲಾಯಿಸಲು ಹೊರಟರೆ, ಸೊನ್ನೆ ಇರುವವು ಕಂಪ್ಯೂಟರಿಗೆ ಸಿಗುವುದೇ ಇಲ್ಲ. ನಾನು ಎಣಿಸಿದಂತೆ ಅಂಥವು ಏಳು, ಅದರಲ್ಲಿ ಮೂರು ಅಡಿಟಿಪ್ಪಣಿಗಳಲ್ಲಿ. ಮೊದಲು ಅವನ್ನು ಸರಿಮಾಡಿಕೊಂಡು ಆಮೇಲೆ ಉಳಿದದ್ದಕ್ಕೆ ಕೈಹಾಕಿ.